ಮಂಡೂಕಕವಚ

(ಶ್ರೀಮಠದ ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶಾಸ್ತ್ರವಿಚಾರ, ಪುರಾಣಪ್ರವಚನ, ಶರಣರ ಚರಿತ್ರೆ ಇವು ನಡೆಯುವ ಮಂಟಪದಲ್ಲಿ ಕಪ್ಪೆಯ ಮಾತನ್ನು ಎತ್ತುವದು ಕೆಲವರಿಗೆ ವಿನೋದವೆಂದು ತೋರಬಹುದು. ಆದರೆ ಹಿಂದಿನವರು ಈ ಪ್ರಾಣಿಯನ್ನು ಕಡೆಗಣಿಸಿದವರಲ್ಲ. ಋಗ್ವೇದದ 7ನೆಯ ಮಂಡಲದ 103ನೆಯ ಸೂಕ್ತವು ಕಪ್ಪೆಗಳ ಸ್ತುತಿಯೇ ಆಗಿರುವದು. ಮಳೆಗಾಲದಲ್ಲಿ ಅವು ಒಂದರ ದನಿಗೆ ಒಂದು ದನಿಗೂಡಿಸುವದನ್ನು ಗುರುವಿನ ಹಿಂದೆ ಪಾಠ ಹೇಳುವ ವಟುಗಳಿಗೆ ಅಲ್ಲಿ ಹೋಲಿಸಲಾಗಿದೆ. ವೈಯಾಕರಣರಿಗೆ ಮಂಡೂಕಪ್ಲುತಿ ಎಂಬ ನ್ಯಾಯವುಂಟು. ಲೋಕದ ಮಾತಿಗೆ ಕೂಪಮಂಡೂಕವುಂಟು. ಬಸವಣ್ಣನವರು ಸಂಸಾರದಲ್ಲಿ ಸಿಕ್ಕ ಜೀವದ ಸ್ಥಿತಿಗೆ ಸರ್ಪದ ನೆಳಲಲ್ಲಿ ಕುಳಿತ ಕಪ್ಪೆಯನ್ನೇ ದೃಷ್ಟಾಂತವಾಗಿ ಕೊಟ್ಟಿದ್ದಾರೆ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ವಿಷಪ್ರಾಣಿಗಳನ್ನು ಎಣಿಸುವಾಗ ಕಪ್ಪೆಗಳಲ್ಲಿ 8 ಭೇದಗಳನ್ನು ಹೇಳಿದೆ. ಕಪ್ಪೆಯ ದೇಹದಲ್ಲಿ ಏನೋ ಒಂದು ಉಗ್ರವಾದ ದ್ರವ್ಯವಿದೆಯೆಂಬ ತಿಳಿವಳಿಕೆ ಈ ದೇಶದ ವೈದ್ಯರಿಗೆ ಅಷ್ಟು ಹಿಂದಿನದು. ಆ ದ್ರವ್ಯವು ಏನು, ಅದು ಹೇಗೆ ಕೆಲಸ ಮಾಡುವದು, ಅದರಿಂದ ಮನುಷ್ಯನಿಗೆ ಆಗಬಹುದಾದ ಉಪಕಾರವೇನು, ಅದನ್ನು ಕಳೆದುಕೊಂಡರೆ ಆಗುವ ಹಾನಿಯೇನು, ಎಂಬ ನಾಲ್ಕು ಸಂಗತಿಗಳೇ ಇಂದಿನ ಉಪನ್ಯಾಸದ ವಿಷಯ.

ಮೊದಲು ಈ ಸೀಮೆಯಲ್ಲಿಯೇ ಕಾಣುವ ನೋಟವನ್ನು ನೆನೆಯಬೇಕು. ಭೀಮೆಯ ದಡದ ಯಾದಗಿರಿ, ಕೃಷ್ಣೆ ಭೀಮೆಯರ ನಡುವಿನ ಶಹಾಪುರ, ಸುರಪುರ, ಇವು ಮೂರೂ ಬಿಸಿಲಿಗೆ ಹೆಸರಾದ ಸ್ಥಳಗಳು. ಬೇಸಗೆಯಲ್ಲಿ ಕೆರೆ ಹೊಂಡಗಳು ಬತ್ತಿ ಎರೆಯ ನೆಲವು ಬಾಯಿಬಿಟ್ಟಾಗ ಒಂದು ಕಪ್ಪೆಯಾದರೂ ಕಣ್ಣಿಗೆ ಬೀಳುವದಿಲ್ಲ. ಮೃಗಶಿರಾ ಮಳೆಯ ಒಂದು ಹದವಾದ ಹೊಯ್ಲು ಬಿದ್ದ ರಾತ್ರಿಯೇ ಹೊಲದ ಒಡ್ಡು, ಹಳ್ಳದ ಮಡು, ಕೆರೆಯ ಅಂಗಳ ಎಲ್ಲವೂ ಕೂಗಿನಿಂದ ತುಂಬಿಹೋಗುವವು. ಇಷ್ಟು ದಿನ ಅವು ಮಣ್ಣಿನೊಳಗೆ ಹುದುಗಿ, ಉಸಿರನ್ನು ಹಿಡಿದ ಯೋಗಿಗಳಂತೆ ಮಳೆಯ ದಾರಿಯನ್ನು ಕಾಯುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕೂ ದೊಡ್ಡದಾದ, ಮಳೆಗಾಲದಲ್ಲಿ ಗಂಡುಗಳು ಅರಿಷಿಣ ಬಳಿದಂತೆ ಹಳದಿಯಾಗಿ, ಗಂಟಲಿನ ಎರಡು ಬದಿಗೆ ನೀಲಿಯ ಚೀಲಗಳನ್ನು ಉಬ್ಬಿಸಿ ಕೂಗುವ ಕಪ್ಪೆಯನ್ನು ಕಾಣದ ಒಕ್ಕಲಿಗನಿಲ್ಲ. ಮೈಮೇಲಿನ ಗುರುತುಗಳಿಂದ ಹುಲಿಯ ನೆನಪಾಗಿ ಪಾಶ್ಚಾತ್ಯ ಪಂಡಿತರು ಇದಕ್ಕೆ ತಮ್ಮ ಶಾಸ್ತ್ರಭಾಷೆಯಲ್ಲಿ ‘ಟೈಗ್ರಿನಾ’ ಎಂದು ಹೆಸರಿಟ್ಟರು. ಈಗಿನ ಪೂರ್ಣ ಹೆಸರು ‘ಹೋಪ್ಲೋಬ್ಯಾಟ್ರಕಸ್ ಟೈಗೆರಿನಸ್’ ಎಂದಿರುವದು. ಈ ಹೊಲದ ಕಪ್ಪೆಯ ಕಥೆಯು ಮುಂದೆ ಬರುವದು.

ಕಪ್ಪೆಯ ಚರ್ಮವು ಬಹಳ ತೆಳುವಾದದ್ದು. ಅದಕ್ಕೆ ಕೂದಲಿಲ್ಲ, ಪೊರೆಯಿಲ್ಲ, ಗರಿಯಿಲ್ಲ. ಆ ಚರ್ಮದಿಂದಲೇ ಅದು ನೀರನ್ನು ಹೀರುವದು. ಶ್ವಾಸೋಚ್ಛ್ವಾಸದ ಒಂದು ಭಾಗವನ್ನೂ ಚರ್ಮದಿಂದಲೇ ನಡೆಸುವದು. ಅದಕ್ಕೋಸ್ಕರ ಚರ್ಮವು ಸದಾ ತೇವವಾಗಿರಬೇಕು. ಹೀಗೆ ತೇವವಾದ ತೆಳು ಚರ್ಮವುಳ್ಳ ಪ್ರಾಣಿಯು ವಾಸಿಸುವದಾದರೂ ಎಲ್ಲಿ? ರಾಡಿಯಲ್ಲಿ, ಕೊಳೆತ ಎಲೆಯ ನಡುವೆ, ದನಗಳು ಇಳಿದು ಕದಡಿದ ಹೊಂಡದಲ್ಲಿ. ಒಂದು ಹನಿ ನೀರಿನಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳಿರುವ ಇಂಥ ಸ್ಥಳದಲ್ಲಿ ಮನುಷ್ಯನ ಕಾಲಿಗೆ ಒಂದು ಮುಳ್ಳು ಚುಚ್ಚಿದರೂ ಕೀವಾಗುವದು. ಆದರೆ ಕಪ್ಪೆಯು ಕಲ್ಲು ಮುಳ್ಳುಗಳ ಮೇಲೆ ಹಾರಿ ಮೈ ಗೀರಿಸಿಕೊಂಡೂ ಆರೋಗ್ಯದಿಂದಿರುವದು. ಇದು ಹೇಗೆ?

ಈ ಪ್ರಶ್ನೆಯು ಅಮೇರಿಕೆಯ ಮೈಕೆಲ್ ಝಾಸ್ಲಾಫ್ ಎಂಬ ವೈದ್ಯ ಸಂಶೋಧಕರ ಮನಸ್ಸಿಗೆ 1986ರಲ್ಲಿ ಹೊಳೆಯಿತು. ಅವರು ಬೇರೊಂದು ಶೋಧಕ್ಕಾಗಿ ಆಫ್ರಿಕಾದ ನೀರುಗಪ್ಪೆಗಳ ಹೊಟ್ಟೆಯನ್ನು ಕೊಯ್ದು ಅಂಡಾಶಯವನ್ನು ತೆಗೆದು, ಹೊಲಿಗೆ ಹಾಕಿ, ಮತ್ತೆ ತೊಟ್ಟಿಗೆ ಬಿಡುತ್ತಿದ್ದರು. ತೊಟ್ಟಿಯ ನೀರು ಶುದ್ಧವಾದದ್ದೇನೂ ಅಲ್ಲ. ಆದಾಗ್ಯೂ ಗಾಯಗಳು ಕೀವುಗಟ್ಟದೆ ಮಾಯ್ದುಹೋಗುತ್ತಿದ್ದವು. ಇತರರೂ ಕಂಡು ಬಿಟ್ಟಿದ್ದ ಈ ಸಂಗತಿಯನ್ನು ಅವರು ಬಿಡದೆ ಹಿಡಿದು ಪರೀಕ್ಷಿಸಿದರು. ಕಪ್ಪೆಯ ಚರ್ಮದಲ್ಲಿ 23 ಅಮೈನೋ ಆಮ್ಲಗಳುಳ್ಳ ಎರಡು ಪೆಪ್ಟೈಡುಗಳು ದೊರೆತವು. 1987ರಲ್ಲಿ ಆ ಶೋಧವು ಪ್ರಕಟವಾಯಿತು. ಹಿಬ್ರೂ ಭಾಷೆಯಲ್ಲಿ ‘ಮಾಗೇನ್’ ಎಂದರೆ ಗುರಾಣಿ. ಅದರಿಂದ ಅವಕ್ಕೆ ‘ಮ್ಯಾಗೈನಿನ್’ ಎಂಬ ಹೆಸರಾಯಿತು. ಇದಕ್ಕೂ ಮೊದಲೇ, 1970ರ ಹೊತ್ತಿಗೆ, ಯುರೋಪಿನ ಒಂದು ಸಣ್ಣ ಕಪ್ಪೆಯಲ್ಲಿ ‘ಬಾಂಬಿನಿನ್’ ಎಂಬ ಇಂಥದೇ ದ್ರವ್ಯವು ದೊರೆತಿದ್ದಿತು; ಆದರೆ ಲೋಕದ ಕಣ್ಣು ತೆರೆದದ್ದು ಗುರಾಣಿಯ ಹೆಸರಿನ ಈ ಶೋಧದಿಂದ.

ಪೆಪ್ಟೈಡೆಂದರೇನು? ಪಾಠಶಾಲೆಯ ಮಾತಿನಲ್ಲಿ ಹೇಳುವದಾದರೆ, ಅಮೈನೋ ಆಮ್ಲಗಳು ಅಕ್ಷರಗಳಂತೆ. ಜೀವಿಗಳ ದೇಹವು ಹೆಚ್ಚಾಗಿ ಉಪಯೋಗಿಸುವ ಇಂಥ ಅಕ್ಷರಗಳು 20. ಕೆಲವು ಅಕ್ಷರಗಳು ಕ್ರಮವಾಗಿ ಕೂಡಿದರೆ ಪದವಾಗುವಂತೆ ಕೆಲವು ಅಮೈನೋ ಆಮ್ಲಗಳು ಸರಪಳಿಯಾಗಿ ಕೂಡಿದರೆ ಪೆಪ್ಟೈಡು. ನೂರಾರು ಕೂಡಿ ದೊಡ್ಡ ರಚನೆಯಾದರೆ ಅದು ಪ್ರೋಟೀನು. ಅದನ್ನು ಗ್ರಂಥಕ್ಕೆ ಹೋಲಿಸಬಹುದು. ಒಂದು ಅಕ್ಷರವು ಪಲ್ಲಟವಾದರೆ ಪದದ ಅರ್ಥವು ಕೆಡುವಂತೆ ಪೆಪ್ಟೈಡಿನಲ್ಲಿ ಒಂದು ಆಮ್ಲವು ಬದಲಾದರೆ ಅದರ ಗುಣವೂ ಬದಲಾಗಬಹುದು.

ಈ ಪದಗಳನ್ನು ಕಪ್ಪೆಯು ಚರ್ಮದೊಳಗಿನ ಸಣ್ಣ ಗ್ರಂಥಿಗಳಲ್ಲಿ ಕೂಡಿಟ್ಟಿರುವದು. ಯಾದಗಿರಿಯ ಬೆಟ್ಟದ ಮೇಲಿನ ಕೋಟೆಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವದು. ಗೋಡೆಯೊಂದೇ ಕೋಟೆಯನ್ನು ಕಾಯಲಾರದು. ಗೋಡೆಯ ನಡುನಡುವೆ ಬುರುಜುಗಳು, ಅವುಗಳಲ್ಲಿ ಮದ್ದುಗುಂಡು, ಅಪಾಯದ ಕರೆ ಬಂದಾಗ ಸಿದ್ಧರಾಗುವ ಕಾವಲುಗಾರರು ಇರಬೇಕು. ಕಪ್ಪೆಗೆ ಭಯವಾದಾಗ ಅಥವಾ ಗಾಯವಾದಾಗ ಗ್ರಂಥಿಗಳನ್ನು ಸುತ್ತಿದ ಸ್ನಾಯುಗಳು ಸಂಕೋಚಗೊಂಡು, ಒಳಗಿನ ದ್ರವವು ಚರ್ಮದ ಮೇಲೆ ಹರಿಯುವದು. ಅದರಲ್ಲಿನ ಅನೇಕ ಪೆಪ್ಟೈಡುಗಳಿಗೆ ಧನವಿದ್ಯುತ್ತಿನ ಅಂಶವುಂಟು; ರೋಗಾಣುವಿನ ಹೊರಪೊರೆಗೆ ಋಣವಿದ್ಯುತ್ತಿನ ಅಂಶವುಂಟು. ಆದ್ದರಿಂದ ಪೆಪ್ಟೈಡು ರೋಗಾಣುವಿನ ಕಡೆಗೆ ಸೆಳೆಯಲ್ಪಟ್ಟು, ಪೊರೆಯಲ್ಲಿ ಸೇರಿ, ಅದನ್ನು ತೂತು ಮಾಡುವದು. ಒಳಗಿನ ಸತ್ತ್ವವು ಸೋರಿ ರೋಗಾಣು ಸಾಯುವದು. ಮನುಷ್ಯಾದಿ ಪ್ರಾಣಿಗಳ ಜೀವಕೋಶಗಳ ಹೊರಮೈಯಲ್ಲಿ ಅಂಥ ಋಣಾಂಶವು ಕಡಮೆ. ಅದರಿಂದ ಅವು ಬಹುಮಟ್ಟಿಗೆ ಉಳಿಯುವವು.

ಕಪ್ಪೆಯ ಚರ್ಮದಲ್ಲಿ ಬೇರೊಂದು ವರ್ಗದ ಪೆಪ್ಟೈಡುಗಳೂ ಇವೆ. ಇಟಲಿಯ ವಿತ್ತೋರಿಯೋ ಎರ್ಸ್ಪಾಮರ್ (1909–1999) ಎಂಬ ಪಂಡಿತರು ತಮ್ಮ ಆಯುಷ್ಯದ ಬಹುಭಾಗವನ್ನು ಇವುಗಳ ಶೋಧಕ್ಕಾಗಿಯೇ ಸವೆಸಿದರು. ರಕ್ತದ ಒತ್ತಡವನ್ನು ಇಳಿಸುವ ಫಿಸಲೀಮಿನ್, ಪಿತ್ತಕೋಶವನ್ನು ಸಂಕೋಚಗೊಳಿಸುವ ಸೆರೂಲೀನ್, ಜಠರದ ಮೇಲೆ ಪರಿಣಾಮ ಮಾಡುವ ಬಾಂಬೆಸಿನ್ ಇವೆಲ್ಲ ಅವರ ಪ್ರಯೋಗಶಾಲೆಯಿಂದ ಹೊರಬಂದವು. ಆಶ್ಚರ್ಯವೆಂದರೆ, ಕಪ್ಪೆಯಲ್ಲಿ ದೊರೆತ ಇಂಥ ಪದಾರ್ಥಗಳಿಗೆ ಸಮಾನವಾದವು ಸಸ್ತನಿಗಳ ಜಠರದಲ್ಲಿಯೂ ಕರುಳಿನಲ್ಲಿಯೂ ಮಿದುಳಿನಲ್ಲಿಯೂ ಇದ್ದವು. 1981ರಲ್ಲಿ ದಕ್ಷಿಣ ಅಮೇರಿಕೆಯ ಒಂದು ಮರಗಪ್ಪೆಯಿಂದ ಡರ್ಮಾರ್ಫಿನ್ ಎಂಬದು ದೊರೆಯಿತು. ಅದು ಅಫೀಮಿನ ಸಾರವಾದ ಮಾರ್ಫಿನ್ನಿಗಿಂತ ಅನೇಕ ಪಟ್ಟು ಬಲವಾಗಿ ನೋವನ್ನು ಅಡಗಿಸುವದು. ಜೀವಿಗಳ ಪ್ರೋಟೀನುಗಳಲ್ಲಿ ಅಮೈನೋ ಆಮ್ಲಗಳು ಸಾಮಾನ್ಯವಾಗಿ ಎಡಗೈ ರೂಪದಲ್ಲಿರುವವು. ಈ ಚಿಕ್ಕ ಪೆಪ್ಟೈಡಿನಲ್ಲಿ ಮಾತ್ರ ಒಂದು ಅಕ್ಷರವು ಕನ್ನಡಿಯೊಳಗಿನ ಪ್ರತಿಬಿಂಬದಂತೆ ಬಲಗೈ ರೂಪದಲ್ಲಿದ್ದಿತು.

ಇನ್ನು ಹತ್ತಿರದ ಕಥೆ. ಯಾದಗಿರಿ, ಶಹಾಪುರ, ಸುರಪುರಗಳು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು, 1956ರಲ್ಲಿ ಕನ್ನಡನಾಡಿನ ಏಕೀಕರಣದಿಂದ ಈ ಕಡೆಗೆ ಸೇರಿದವು. ರಾಜ್ಯವು ಬೇರೆಯಾದರೂ ವಿದ್ಯೆ, ವೈದ್ಯ, ವ್ಯಾಪಾರಗಳಿಗೆ ಹೈದರಾಬಾದಿನ ದಾರಿಯನ್ನು ಈ ಸೀಮೆಯವರು ಮರೆತಿಲ್ಲ. ಆ ಹೈದರಾಬಾದಿನಲ್ಲಿ ಸಿ.ಸಿ.ಎಂ.ಬಿ. ಎಂದು ಪ್ರಸಿದ್ಧವಾದ ಕೋಶೀಯ ಹಾಗೂ ಆಣ್ವಿಕ ಜೀವಶಾಸ್ತ್ರ ಕೇಂದ್ರವಿದೆ. ಅಲ್ಲಿಯ ಆರ್. ನಾಗರಾಜ, ಎನ್. ಸೀತಾರಾಮ ಮೊದಲಾದ ವಿಜ್ಞಾನಿಗಳು ದೂರದ ಅಡವಿಯ ಅಪೂರ್ವ ಪ್ರಾಣಿಯನ್ನು ಅರಸದೆ, ಮೇಲೆ ಹೇಳಿದ ಹೊಲದ ದೊಡ್ಡ ಕಪ್ಪೆಯನ್ನೇ ಪರೀಕ್ಷೆಗೆ ಆರಿಸಿಕೊಂಡರು. ಭಯದ ಕಾಲದಲ್ಲಿ ದೇಹದಲ್ಲಿ ಹುಟ್ಟುವ ಅಡ್ರಿನಲೀನ್ ಎಂಬ ರಸವನ್ನು ಕೊಟ್ಟು ಅದರ ಚರ್ಮವು ತಾನಾಗಿ ಸ್ರವಿಸುವಂತೆ ಮಾಡಿದರು. ಆ ಸ್ರಾವವನ್ನು ಶೋಧಿಸಿದಾಗ 11 ಹಾಗೂ 12 ಅಕ್ಷರಗಳ 4 ಪೆಪ್ಟೈಡುಗಳು ದೊರೆತವು. ಕಪ್ಪೆಯ ಹೆಸರಿನಿಂದ ಅವಕ್ಕೆ ‘ಟೈಗೆರಿನಿನ್’ ಎಂದು ಹೆಸರಿಟ್ಟು 2001ರಲ್ಲಿ ಪ್ರಕಟಿಸಿದರು.

ಈ ಟೈಗೆರಿನಿನ್ನುಗಳ ವಿಶೇಷವೇನು? ಮ್ಯಾಗೈನಿನ್ ಮೊದಲಾದ ಅನೇಕ ಪೆಪ್ಟೈಡುಗಳು ರೋಗಾಣುವಿನ ಪೊರೆಯನ್ನು ಮುಟ್ಟಿದಾಗ ಸುರುಳಿಯ ಆಕಾರವನ್ನು ತಾಳುವವು. ಟೈಗೆರಿನಿನ್ನುಗಳಲ್ಲಿ ಅಂಥ ಸುರುಳಿಯಿಲ್ಲ. ಗಂಧಕವುಳ್ಳ ಸಿಸ್ಟೀನ್ ಎಂಬ ಎರಡು ಅಕ್ಷರಗಳು ಪರಸ್ಪರ ಕೈಹಿಡಿದು, ನಡುವಿನ ಅಕ್ಷರಗಳನ್ನು ಕೂಡಿಸಿಕೊಂಡು, 9 ಅಕ್ಷರಗಳ ಒಂದು ಉಂಗುರವನ್ನು ಮಾಡುವವು. ಕಪ್ಪೆ ಮೊದಲಾದ ಉಭಯವಾಸಿಗಳಲ್ಲಿ ಅದುವರೆಗೆ ದೊರೆತ ಸುರುಳಿಯಿಲ್ಲದ ರೋಗಾಣುನಾಶಕಗಳಲ್ಲಿ ಇವೇ ಅತ್ಯಂತ ಚಿಕ್ಕವು. ಪದವು ಚಿಕ್ಕದಾದಷ್ಟೂ ಪ್ರಯೋಗಶಾಲೆಯಲ್ಲಿ ಅದನ್ನು ಕೃತ್ರಿಮವಾಗಿ ಕಟ್ಟುವದು ಸುಲಭ. ವಿಜ್ಞಾನಿಗಳು ಹಾಗೆ ಕಟ್ಟಿಯೇ ಅಕ್ಷರಗಳ ಕ್ರಮವನ್ನು ಖಚಿತಪಡಿಸಿಕೊಂಡರು. ಈ ಕಪ್ಪೆಯ ದಾಯಾದಿಯಾದ ವಿಯೆಟ್ನಾಮಿನ ಕಪ್ಪೆಯಲ್ಲಿ 2011ರಲ್ಲಿ ಇದೇ ಕುಲದ ಒಂದು ಪೆಪ್ಟೈಡು ದೊರೆತು, ಅದು ಇನ್ಸುಲಿನ್ನಿನ ಸ್ರಾವವನ್ನು ಹೆಚ್ಚಿಸುವ ಗುಣವುಳ್ಳದ್ದೆಂದು ಪ್ರಯೋಗಗಳಿಂದ ತಿಳಿಯಿತು. ಹೀಗೆ ಒಡ್ಡಿನ ಮೇಲೆ ಕಾಲಿಗೆ ತಾಗಿ ‘ಥೂ’ ಎನ್ನಿಸಿಕೊಳ್ಳುವ ಪ್ರಾಣಿಯ ಚರ್ಮದಲ್ಲಿ ಇಷ್ಟು ವಿದ್ಯೆಯು ಅಡಗಿದ್ದಿತು.

ಮಲೆನಾಡಿನ ಕಡೆಯ ಕಥೆಯೂ ಒಂದುಂಟು. ಪಶ್ಚಿಮಘಟ್ಟಗಳಲ್ಲಿ ಕರ್ನಾಟಕವನ್ನೂ ಕೂಡಿಕೊಂಡು ವಿಸ್ತಾರವಾಗಿ ಹರಡಿರುವ ಒಂದು ಕಪ್ಪೆಗೆ 2015ರಲ್ಲಿ ಸಂಸ್ಕೃತದಿಂದಲೇ ‘ಬಹುವಿಸ್ತಾರ’ ಎಂಬ ಹೆಸರು ಬಂದಿತು. ತಿರುವನಂತಪುರದ ರಾಜೀವ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದವರೂ ಅಮೇರಿಕೆಯ ಎಮೊರಿ ವಿಶ್ವವಿದ್ಯಾಲಯದವರೂ ಕೂಡಿ ಅದರ ಚರ್ಮದ ಸ್ರಾವದಿಂದ 32 ಪೆಪ್ಟೈಡುಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 4 ಮಾತ್ರ ಫ್ಲೂ ಜ್ವರದ ವಿಷಾಣುವನ್ನು ತಡೆದವು. ಆ 4ರಲ್ಲಿಯೂ ಮನುಷ್ಯರ ರಕ್ತಕಣಗಳಿಗೆ ಹಾನಿಮಾಡದೆ ಉಳಿದದ್ದು ಒಂದೇ. ಅದಕ್ಕೆ ಕೇರಳದ ವೀರರು ಬೀಸುತ್ತಿದ್ದ ಬಳುಕುವ ಕತ್ತಿಯಾದ ಉರುಮಿಯ ನೆನಪಿನಿಂದ ‘ಉರುಮಿನ್’ ಎಂದು ಹೆಸರಿಟ್ಟರು. 2017ರಲ್ಲಿ ಪ್ರಕಟವಾದ ಈ ಶೋಧದಲ್ಲಿ ಉರುಮಿನ್ ಎಚ್1 ಎಂಬ ವರ್ಗದ ಫ್ಲೂ ವಿಷಾಣುಗಳನ್ನು ನಾಶಮಾಡಿ ಇಲಿಗಳನ್ನು ಕಾಪಾಡಿತು. ಎಚ್3 ವರ್ಗದ ಮೇಲೆ ಅದರ ಆಟ ನಡೆಯಲಿಲ್ಲ. ಒಂದು ನಾಡಿನಲ್ಲಿ ಗುರಾಣಿ, ಒಂದು ನಾಡಿನಲ್ಲಿ ಕತ್ತಿ, ಒಂದು ನಾಡಿನಲ್ಲಿ ಹುಲಿ, ಹೀಗೆ ಪಂಡಿತರು ಈ ಬಡ ಪ್ರಾಣಿಗೆ ಕೊಟ್ಟ ಬಿರುದುಗಳೆಲ್ಲ ಶೂರರ ಬಿರುದುಗಳೇ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ಔಷಧವು ಎಲ್ಲಿ?’ ಎಂದು ಕೇಳುವದು ಸಹಜ. ಇಲ್ಲಿ ಸತ್ಯವನ್ನು ಮುಚ್ಚಬಾರದು. ಮ್ಯಾಗೈನಿನ್ನಿನಿಂದ ರೂಪಿಸಿದ ‘ಪೆಕ್ಸಿಗನಾನ್’ ಎಂಬ ಮುಲಾಮನ್ನು ಸಕ್ಕರೆ ರೋಗಿಗಳ ಕಾಲಿನ ಹುಣ್ಣಿಗೆ ಪ್ರಯೋಗಿಸಿ ನೋಡಿದರು. ಆಗಲೇ ಬಳಕೆಯಲ್ಲಿದ್ದ ಔಷಧಕ್ಕಿಂತ ಅದು ಮೇಲೆಂದು ಸಿದ್ಧವಾಗದ್ದರಿಂದ ಅಮೇರಿಕೆಯ ಸರಕಾರದ ಔಷಧಾಧಿಕಾರಿಗಳು 1999ರಲ್ಲಿ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಕಪ್ಪೆಯ ಚರ್ಮದ ರೋಗಾಣುನಾಶಕ ಪೆಪ್ಟೈಡುಗಳಲ್ಲಿ ಯಾವದೂ ಇಂದಿನವರೆಗೆ ವೈದ್ಯರ ಚೀಟಿಯಲ್ಲಿ ಬರೆಯುವ ಔಷಧವಾಗಿಲ್ಲ. ಅಡ್ಡಿಗಳು ಮೂರು. ಮನುಷ್ಯನ ದೇಹದಲ್ಲಿನ ಪಾಚಕದ್ರವ್ಯಗಳು ಈ ಚಿಕ್ಕ ಸರಪಳಿಯನ್ನು ಬೇಗ ಕಡಿದುಹಾಕುವವು. ಕೆಲವು ಪೆಪ್ಟೈಡುಗಳು ರೋಗಾಣುವಿನೊಂದಿಗೆ ರಕ್ತಕಣಗಳನ್ನೂ ಒಡೆಯುವವು. ಶುದ್ಧವಾಗಿ ಹೆಚ್ಚು ಪ್ರಮಾಣದಲ್ಲಿ ತಯಾರಿಸುವದಕ್ಕೆ ಖರ್ಚು ಬಹಳ. ಅಕ್ಷರಗಳನ್ನು ಹಿಂದುಮುಂದು ಮಾಡಿ, ಬಲಗೈ ರೂಪದ ಅಕ್ಷರಗಳನ್ನು ಸೇರಿಸಿ, ಈ ಅಡ್ಡಿಗಳನ್ನು ಕಳೆಯುವ ಯತ್ನವು ಅನೇಕ ದೇಶಗಳಲ್ಲಿ ನಡೆದಿದೆ.

ಈ ಯತ್ನವು ಏತಕ್ಕೆ ಅವಶ್ಯವೆಂಬದನ್ನು ಹಳ್ಳಿಯ ಮನೆಮನೆಯೂ ತಿಳಿಯಬೇಕಾಗಿದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಪೆನಿಸಿಲಿನ್ನನ್ನು ಕಂಡುಹಿಡಿದ ಮೇಲೆ ಕೀವು, ಬಾಣಂತಿಯ ನಂಜು, ನ್ಯುಮೋನಿಯಾ ಇವು ಮನುಷ್ಯನಿಗೆ ಅಂಜಿದವು. ಆದರೆ 1945ರಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸುವಾಗ ಆ ಮಹನೀಯರೇ ಒಂದು ಎಚ್ಚರಿಕೆಯನ್ನು ಕೊಟ್ಟರು: ಔಷಧವನ್ನು ಅರೆಬರೆ ತೆಗೆದುಕೊಂಡರೆ ರೋಗಾಣುಗಳು ಸಾಯದೆ ಅದನ್ನು ತಾಳಿಕೊಳ್ಳುವದನ್ನು ಕಲಿಯುವವು. ಆ ಮಾತು ಈಗ ನಿಜವಾಗಿದೆ. ಜ್ವರವು ಇಳಿದ ಎರಡನೆಯ ದಿನವೇ ಗುಳಿಗೆ ಬಿಡುವವರು, ನೆಗಡಿಗೂ ಅಂಗಡಿಯಿಂದ ತಾವೇ ಬಲವಾದ ಗುಳಿಗೆ ತರುವವರು, ತಿಳಿಯದೆ ರೋಗಾಣುವಿಗೆ ಪಾಠ ಹೇಳುತ್ತಿದ್ದಾರೆ. ಹಳೆಯ ಔಷಧಗಳು ಮೊಂಡಾದಾಗ ಸಕ್ಕರೆ ರೋಗಿಯ ಕಾಲಿನ ಒಂದು ಹುಣ್ಣು ಕಾಲನ್ನೇ ಕೊಯ್ಯುವವರೆಗೆ ಹೋಗಬಹುದು. ಎಳೆಗೂಸಿನ ನಂಜಿಗೆ ಮದ್ದು ಸಿಗದೆ ಹೋಗಬಹುದು. ಪೊರೆಯನ್ನೇ ಒಡೆಯುವ ಪೆಪ್ಟೈಡನ್ನು ಎದುರಿಸಲು ರೋಗಾಣು ತನ್ನ ಪೊರೆಯನ್ನೇ ಬದಲಿಸಬೇಕು. ಅದು ಅಸಾಧ್ಯವಲ್ಲ, ಆದರೆ ಕಷ್ಟ. ಆದ್ದರಿಂದಲೇ ಪಂಡಿತರ ದೃಷ್ಟಿಯು ಕಪ್ಪೆಯ ಮೇಲೆ ನೆಟ್ಟಿರುವದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಪ್ಪೆಯಲ್ಲಿ ಔಷಧವುಂಟೆಂದು ಕೇಳಿ ಅದನ್ನು ಹಿಡಿದು ಹುಣ್ಣಿಗೆ ಒರೆಸುವದಾಗಲಿ, ಚರ್ಮವನ್ನು ಅರೆದು ಕುಡಿಸುವದಾಗಲಿ ಕೂಡದು. ಒಂದು ಕಪ್ಪೆಯ ಸ್ರಾವದಲ್ಲಿ ಹಿತವಾದದ್ದೂ ಅಹಿತವಾದದ್ದೂ ಬೆರೆತಿರುವವು. 32ರಲ್ಲಿ ಒಂದೇ ಗೆದ್ದ ಉರುಮಿನ್ನಿನ ಕಥೆಯು ಇದಕ್ಕೆ ಸಾಕ್ಷಿ. ಅಮೆಜಾನ್ ಅಡವಿಯ ಒಂದು ಮರಗಪ್ಪೆಯ ಸ್ರಾವವನ್ನು ಚರ್ಮ ಸುಟ್ಟು ಹಚ್ಚಿಕೊಳ್ಳುವ ರೂಢಿಯು ಬೇರೆ ದೇಶಗಳಿಗೆ ಹಬ್ಬಿ, ಕೆಲವರು ಪ್ರಾಣವನ್ನೇ ಕಳೆದುಕೊಂಡಿದ್ದಾರೆ. ಮನೆಯ ಮೂಲೆಯಲ್ಲಿ ಕಾಣುವ ಗುಳ್ಳೆಮೈಯ ನೆಲಗಪ್ಪೆಯ ಕಿವಿಯ ಹಿಂದಿನ ಗ್ರಂಥಿಗಳಲ್ಲಿ ಹೃದಯವನ್ನು ಬಾಧಿಸುವ ಬೇರೆಯೇ ವಿಷವಿದೆ. ಯುಕ್ತಿಯಿಂದ ಯೋಜಿಸಿದರೆ ವಿಷವೂ ಔಷಧವಾಗುವದು, ಯುಕ್ತಿಯಿಲ್ಲದಿದ್ದರೆ ಔಷಧವೂ ವಿಷವಾಗುವದು ಎಂಬದು ಚರಕಾಚಾರ್ಯರ ಅಭಿಪ್ರಾಯ. ಆ ಯುಕ್ತಿಯು ತಜ್ಞರ ಕೆಲಸ.

ಹಾಗಾದರೆ ಭಕ್ತರ ಕೆಲಸವೇನು? ಕಪ್ಪೆಯನ್ನು ಉಳಿಸುವದು. ಒಂದು ಕಾಲದಲ್ಲಿ ಈ ದೇಶದ ಗದ್ದೆಗಳಿಂದ ಹೊಲದ ಕಪ್ಪೆಗಳನ್ನು ಹಿಡಿದು, ಅವುಗಳ ಕಾಲುಗಳನ್ನು ಕತ್ತರಿಸಿ, ಪರದೇಶಗಳ ಊಟದ ಮೇಜಿಗೆ ಕಳಿಸುತ್ತಿದ್ದರು. 1987ರಲ್ಲಿ ಭಾರತ ಸರಕಾರವು ಆ ರಫ್ತನ್ನು ನಿಷೇಧಿಸಿತು. ಟೈಗೆರಿನಿನ್ ದೊರೆತದ್ದು ಅದರ ನಂತರ 14 ವರ್ಷಕ್ಕೆ. ಕಾಲಿಗೆ ಬೆಲೆ ಕಟ್ಟಿದವರಿಗೆ ಚರ್ಮದ ಬೆಲೆಯು ತಿಳಿದಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ತನ್ನ ಮೊಟ್ಟೆಗಳನ್ನು ನುಂಗಿ, ಜಠರದ ಆಮ್ಲವನ್ನು ತಾನೇ ತಡೆದು, ಅಲ್ಲಿಯೇ ಮರಿಮಾಡಿ ಬಾಯಿಂದ ಹೊರಬಿಡುತ್ತಿದ್ದ ಒಂದು ಕಪ್ಪೆ ಇದ್ದಿತು. ಜಠರದ ಹುಣ್ಣಿಗೆ ಅದರಿಂದ ಏನಾದರೂ ತಿಳಿಯಬಹುದೆಂದು ಪಂಡಿತರು ಓದಲು ತೊಡಗುವಷ್ಟರಲ್ಲಿ, 1980ರ ದಶಕದಲ್ಲಿ, ಅದು ಭೂಮಿಯಿಂದಲೇ ಇಲ್ಲವಾಯಿತು. ಓದುವ ಮೊದಲೇ ಗೆದ್ದಲು ತಿಂದ ತಾಡವಾಲೆಯ ಕಟ್ಟಿನಂತೆ ಆಯಿತು ಅದರ ಗತಿ. 2019ರಲ್ಲಿ ಪ್ರಕಟವಾದ ಒಂದು ಗಣನೆಯ ಪ್ರಕಾರ ಚರ್ಮಕ್ಕೆ ತಗಲುವ ಒಂದು ಬೂಷ್ಟಿನ ರೋಗದಿಂದ ಲೋಕದಲ್ಲಿ 501 ಜಾತಿಯ ಉಭಯವಾಸಿಗಳು ಕ್ಷೀಣಿಸಿವೆ. ಆ ಬೂಷ್ಟನ್ನು ತಡೆಯುವ ಆಯುಧಗಳಲ್ಲಿಯೂ ಚರ್ಮದ ಪೆಪ್ಟೈಡುಗಳು ಸೇರಿವೆ.

ಈ ಸೀಮೆಯ ಕರ್ತವ್ಯವೂ ಸ್ಪಷ್ಟವಾಗಿದೆ. ನಾರಾಯಣಪುರದ ಬಸವಸಾಗರದ ಎಡದಂಡೆ ಕಾಲುವೆಯಿಂದ ಶಹಾಪುರ, ಸುರಪುರದ ಒಣಹೊಲಗಳಿಗೆ ನೀರು ಬಂದು, ಜೋಳ ಬೆಳೆಯುತ್ತಿದ್ದಲ್ಲಿ ಬತ್ತವು ಬೆಳೆಯಿತು. ನೀರು ಬಂದಲ್ಲಿ ಕಪ್ಪೆಗೂ ನೆಲೆಯಾಯಿತು. ಕಪ್ಪೆಯು ಹೊಲದ ಹುಳಗಳನ್ನು ತಿಂದು ಕೂಲಿಯಿಲ್ಲದ ಆಳಿನಂತೆ ದುಡಿಯುವದು. ಆದರೆ ಅದೇ ನೀರಿಗೆ ಅಳತೆಯಿಲ್ಲದೆ ಕೀಟನಾಶಕವು ಬಿದ್ದರೆ ಗೊದಮೊಟ್ಟೆಗಳು ಮೊದಲು ಸಾಯುವವು. ತೆಳು ಚರ್ಮದ ಕಪ್ಪೆಗೆ ವಿಷವು ಮೈಯಿಂದಲೇ ಇಳಿಯುವದು. ಆದ್ದರಿಂದ ಒಕ್ಕಲಿಗರು ಎಣ್ಣೆ ಹೊಡೆಯುವಾಗ ಅಳತೆಯನ್ನು ಮೀರಬಾರದು. ಡಬ್ಬಿಗಳನ್ನು ಕಾಲುವೆಯಲ್ಲಿ ತೊಳೆಯಬಾರದು. ಊರ ಕೆರೆ, ಹಳೆಯ ಬಾವಿ, ಹೊಂಡಗಳನ್ನು ಕಸ ತುಂಬಿ ಮುಚ್ಚಬಾರದು. ಮಕ್ಕಳು ಕಪ್ಪೆಗೆ ಕಲ್ಲು ಹೊಡೆಯುವದನ್ನು ಆಟವೆಂದು ಬಿಡಬಾರದು.

ಮಳೆ ತಡವಾದರೆ ಕಪ್ಪೆಗಳಿಗೆ ಮದುವೆ ಮಾಡಿ ಮಳೆರಾಯನನ್ನು ಕರೆಯುವ ರೂಢಿಯು ಕನ್ನಡನಾಡಿನಲ್ಲಿದೆ. ಅದರಿಂದ ಮಳೆ ಬರುವದೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ. ಒಂದು ದಿನ ಅರಿಷಿಣ ಹಚ್ಚಿ ಮೆರೆಸಿದ ಪ್ರಾಣಿಯನ್ನು ವರ್ಷದ ಉಳಿದ ದಿನಗಳಲ್ಲಿ ವಿಷದಲ್ಲಿ ಅದ್ದುವದು ಸರಿಯೇ ಎಂಬ ಪ್ರಶ್ನೆಯನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ಅಂತಃಕರಣಕ್ಕೆ ಕೇಳಿಕೊಳ್ಳತಕ್ಕದ್ದು. ಶರಣರು ಸಕಲ ಪ್ರಾಣಿಗಳಲ್ಲಿ ದಯೆಯನ್ನು ಬೋಧಿಸಿದಾಗ ಪ್ರಯೋಜನದ ಲೆಕ್ಕವನ್ನು ಹಾಕಲಿಲ್ಲ. ಕಪ್ಪೆಯಿಂದ ಔಷಧವು ಎಂದೂ ಬಾರದಿದ್ದರೂ ಅದರ ಮೇಲಿನ ದಯೆಯು ಕಡಮೆಯಾಗಬೇಕಾದದ್ದಿಲ್ಲ. ಆದರೆ ದಯೆಯು ಕಾಪಾಡಿದ್ದನ್ನು ಮುಂದೆ ವಿದ್ಯೆಯು ಓದಬಹುದು. ದಯೆಯಿಲ್ಲದೆ ಅಳಿದದ್ದನ್ನು ಯಾವ ವಿದ್ಯೆಯೂ ತಿರುಗಿ ತರಲಾರದು.

ಮುಂದಿನ ಮೃಗಶಿರೆಯ ಮಳೆ ಬಿದ್ದ ರಾತ್ರಿ ಕೆರೆಯ ಕಡೆಯಿಂದ ಆ ಕೂಗು ಕೇಳಿಬಂದಾಗ, ನಿದ್ದೆ ಕೆಟ್ಟಿತೆಂದು ಬೈಯದೆ, ಕತ್ತಲೆಯಲ್ಲಿ ಕುಳಿತು ಕವಚಧಾರಿಗಳು ಪಾಠ ಒಪ್ಪಿಸುತ್ತಿದ್ದಾರೆಂದು ಸದ್ಭಕ್ತರು ತಿಳಿಯಲಿ. ಆ ಪಾಠವು ಈ ಸೀಮೆಯಲ್ಲಿ ಎಂದಿಗೂ ನಿಲ್ಲದಿರಲಿ. ಸರ್ವರಿಗೂ ಮಂಗಳವಾಗಲಿ.